ಊರಿಲ್ಲದವನ ಜನಗಣತಿ

ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿಯಲ್ಲಿ ಅಥೆನ್ಸ್ ಮತ್ತು ಅದರ ಸುತ್ತಮುತ್ತ ಸುಮಾರು ಮೂವತ್ತು ಲಕ್ಷ ಜನ ಇದ್ದರು. ಅವರಲ್ಲಿ ಯಾರನ್ನೇ ನಿಲ್ಲಿಸಿ ನಿಮ್ಮ ಊರು ಯಾವುದು ಎಂದು ಕೇಳಿದರೂ ಅಥೆನ್ಸ್ ಎಂಬ ಉತ್ತರ ಬರುತ್ತಿರಲಿಲ್ಲ. ಒಬ್ಬ ಮಾನಿ ಪ್ರಾಂತ್ಯದವನು, ಒಬ್ಬ ಕ್ರೀಟ್‌ನವನು, ಒಬ್ಬಳು ಎಪಿರಸ್‌ನ ಬೆಟ್ಟದವಳು. ಮೂವತ್ತು ವರ್ಷದಿಂದ ಅದೇ ಫ್ಲಾಟಿನಲ್ಲಿದ್ದು, ಅಲ್ಲೇ ಮಕ್ಕಳನ್ನು ಹೆತ್ತು, ಅಲ್ಲೇ ಹಲ್ಲು ಉದುರಿಸಿಕೊಂಡಿದ್ದರೂ ಅದು ‘ಸದ್ಯಕ್ಕೆ ಇರುವ ಜಾಗ’. ಇಷ್ಟು ದೊಡ್ಡ ನಗರ ಬರೀ ಪರವೂರಿನವರಿಂದ ತುಂಬಿದ್ದು ಹೇಗೆ ಎನ್ನುವುದು ಅಂಕಿಅಂಶದ ಇಲಾಖೆಯವರಿಗೂ ಬಗೆಹರಿಯದ ಪ್ರಶ್ನೆಯಾಗಿತ್ತು.

ಕಿಪ್ಸೇಲಿ ಬಡಾವಣೆಯ ಆ ಐದಂತಸ್ತಿನ ಕಟ್ಟಡದಲ್ಲಿ ಒಬ್ಬನೇ ಒಬ್ಬ ಅಪ್ಪಟ ಅಥೆನ್ಸಿನವನಿದ್ದ. ಆ ಸಂಗತಿಯನ್ನು ಅವನು ಚರ್ಮರೋಗದ ಹಾಗೆ ಮುಚ್ಚಿಟ್ಟುಕೊಂಡಿದ್ದ. ಅವನ ಹೆಸರು ಅನೆಸ್ತಿಸ್. ವಯಸ್ಸು ನಲವತ್ನಾಲ್ಕು, ಮದುವೆಯಾಗಿಲ್ಲ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಅವನ ಅಪ್ಪ ಆರು ವರ್ಷದ ಹುಡುಗನಾಗಿದ್ದಾಗ, ಇಪ್ಪತ್ತೆರಡರ ಯುದ್ಧದಲ್ಲಿ, ಟರ್ಕಿಯ ಸ್ಮಿರ್ನಾದ ಕಡೆಯಿಂದ ದೋಣಿಯಲ್ಲಿ ಒಬ್ಬನೇ ಬಂದಿಳಿದವನು. ಹೆತ್ತವರು ಎಲ್ಲಿ ಹೋದರೋ ಗೊತ್ತಿಲ್ಲ. ನಿನ್ನ ಊರು ಯಾವುದಪ್ಪಾ ಎಂದು ಅನಾಥಾಲಯದವರು ಕೇಳಿದರೆ ‘ಊರು’ ಎಂದಷ್ಟೇ ಹೇಳಿದನಂತೆ. ಆರು ವರ್ಷದ ಮಗುವಿಗೆ ಊರಿನ ಹೆಸರೇ ಊರು. ಸಾಯುವ ತನಕವೂ ಅವನು ಅದಕ್ಕೆ ಬೇರೆ ಹೆಸರಿಡಲಿಲ್ಲ.

ಹೀಗಾಗಿ ಈಸ್ಟರ್ ಬಂತೆಂದರೆ ಅನೆಸ್ತಿಸನಿಗೆ ಸಂಕಟ. ಇಡೀ ಕಟ್ಟಡ ಖಾಲಿ. ಹನ್ನೊಂದು ಮನೆಯವರು ಹನ್ನೊಂದು ಬೀಗದಕೈ ಅವನ ಕೈಗಿಟ್ಟು, ಗಿಡಕ್ಕೆ ನೀರು ಹಾಕು, ಹಕ್ಕಿಗೆ ಕಾಳು ಹಾಕು ಎಂದು ಹೇಳಿ ಹೊರಟುಬಿಡುತ್ತಿದ್ದರು. ವಾರದ ನಂತರ ಕಣ್ಣು ಊದಿಸಿಕೊಂಡು, ಡಬ್ಬಗಟ್ಟಲೆ ಎಣ್ಣೆ ಹೊತ್ತುಕೊಂಡು ವಾಪಸ್ಸು ಬಂದು, ‘ಅಯ್ಯೋ, ಊರು ಬಿಟ್ಟು ಬರೋವಾಗ ಕರುಳೇ ಕಿತ್ತು ಬರುತ್ತೆ ಮಾರಾಯ’ ಎಂದು ಮೆಟ್ಟಿಲ ಮೇಲೆ ಕೂತು ಗೋಳಾಡುತ್ತಿದ್ದರು. ಅನೆಸ್ತಿಸನಿಗೆ ಅವರ ಎಣ್ಣೆಯ ಮೇಲೆ ಆಸೆಯಿರಲಿಲ್ಲ. ಆ ಗೋಳಿನ ಮೇಲೆ ಮಾತ್ರ ವಿಪರೀತ ಆಸೆ. ತನಗೂ ಒಂದು ಊರಿದ್ದು, ಅದನ್ನು ಬಿಟ್ಟು ಬಂದು, ತಾನೂ ಹೀಗೆ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳಬೇಕು. ಜೀವನದಲ್ಲಿ ಅವನು ಬೇರೇನನ್ನೂ ಇಷ್ಟು ಬಯಸಿದವನಲ್ಲ.

ಒಂಬತ್ತು ವರ್ಷದ ಹಿಂದೆ ಕಟ್ಟಡದ ಮೇಲ್ವಿಚಾರಕ ಸರಾಂಡೋಸನ ಹೆಂಡತಿ ಗರಿಫಾಲಿಯಾ ದಿನಸಿ ಅಂಗಡಿಯಲ್ಲಿ ಎಲ್ಲರೆದುರಿಗೆ ಕೇಳಿಬಿಟ್ಟಿದ್ದಳು.

“ಅಲ್ಲಾ ಅನೆಸ್ತಿಸ್, ಇಷ್ಟು ವರ್ಷ ಆಯ್ತು, ನಿನ್ನ ಊರು ಯಾವುದು ಅಂತ್ಲೇ ಹೇಳಿಲ್ವಲ್ಲ! ಊರಲ್ಲಿ ಏನಾದ್ರೂ ಮಾಡಿ ಓಡಿ ಬಂದಿದೀಯಾ?”

ಅವನ ಕಣ್ಣೆದುರಿನ ಕಪಾಟಿನಲ್ಲಿ ಜೇನಿನ ಶೀಸೆಯಿತ್ತು. ಅದರ ಮೇಲೆ ಮೆಲಿಸ್ಸೋವುನಿ ಎಂದು ಬರೆದಿತ್ತು. “ಮೆಲಿಸ್ಸೋವುನಿ” ಎಂದ ಅನೆಸ್ತಿಸ್. ಅಲ್ಲಿಗೆ ಅವನಿಗೊಂದು ಊರಾಯಿತು.

ಊರಾದ ಮೇಲೆ ಅದಕ್ಕೆ ಬೇಕಾದ್ದನ್ನೆಲ್ಲ ಅವನು ಒಂದೊಂದಾಗಿ ಒದಗಿಸಿದ. ಚೌಕದ ನಡುವೆ ಒಂದು ಚಿನಾರ್ ಮರ ನೆಟ್ಟ. ಅದರ ಬುಡದಲ್ಲಿ ಒಂದು ನೀರಿನ ಬುಗ್ಗೆ ತೋಡಿದ. ಗಡ್ಡಕ್ಕೆ ವೈನ್ ಚೆಲ್ಲಿಕೊಳ್ಳುವ ಒಬ್ಬ ಪಾದ್ರಿಯನ್ನು ನೇಮಿಸಿದ. ಗ್ರೀಸಿನಲ್ಲಿ ಈ ಮೂರೂ ಇಲ್ಲದ ಊರೇ ಇಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಈಸ್ಟರ್‌ಗೆ ಯಾಕೆ ಹೋಗಲ್ಲ ಎಂದರೆ “ಅಪ್ಪನಿಗೂ ದಾಯಾದಿಗಳಿಗೂ ಆಗಿಬರ್ತಿರಲಿಲ್ಲ” ಎನ್ನುತ್ತಿದ್ದ. ಅದನ್ನಂತೂ ಕೇಳಿದವರು ನಂಬುವುದಿರಲಿ, ಅವನನ್ನು ಗೌರವಿಸತೊಡಗಿದರು.

ಎಂಬತ್ತೊಂದರ ಏಪ್ರಿಲ್‌ನಲ್ಲಿ ಜನಗಣತಿ ಬಂತು. ಗಣತಿಯ ಭಾನುವಾರ ಯಾರು ಯಾವ ಸೂರಿನಡಿ ಇದ್ದಾರೋ ಅವರನ್ನು ಆ ಊರಿನ ಲೆಕ್ಕಕ್ಕೆ ಹಾಕುವುದು ಪದ್ಧತಿ. ಇದು ಗೊತ್ತಿದ್ದ ಹಳ್ಳಿಗಳ ಅಧ್ಯಕ್ಷರೆಲ್ಲ ಬಸ್ಸು ಗೊತ್ತುಮಾಡಿಕೊಂಡು ಅಥೆನ್ಸಿಗೆ ದಾಳಿಯಿಟ್ಟರು. ಊರು ದೊಡ್ಡದಾಗಿ ಕಂಡರೆ ರಸ್ತೆ ಬರುತ್ತದೆ, ಶಾಲೆ ಉಳಿಯುತ್ತದೆ. ಓಮೋನಿಯಾ ಚೌಕದ ಕಾಫಿ ಅಂಗಡಿಗಳಲ್ಲಿ ಅಧ್ಯಕ್ಷರು ಪಟ್ಟಿ ಹಿಡಿದುಕೊಂಡು, ಮದುವೆಗೆ ಹುಡುಗಿ ಹುಡುಕುವವರ ಹಾಗೆ ತಮ್ಮ ಊರಿನವರನ್ನು ಹುಡುಕುತ್ತ ಕೂತರು. ಹೀಗೆ ಒಬ್ಬ ಅಧ್ಯಕ್ಷನ ಪಕ್ಕದ ಮೇಜಿನಲ್ಲಿ ನಮ್ಮ ಸರಾಂಡೋಸ್ ಕೂತಿದ್ದ. ಅವನು ಪರೋಪಕಾರಿ. ಜಗತ್ತಿನ ಅರ್ಧ ಪೀಕಲಾಟ ಇಂಥವರಿಂದಲೇ ಆಗುವುದು.

ಮರುದಿನ ಸಂಜೆ ಅನೆಸ್ತಿಸ್ ಕಾಲುಚೀಲ ಒಗೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸರಾಂಡೋಸ್, ಅವನ ಹಿಂದೆ ದಪ್ಪ ಮೀಸೆಯ ಒಬ್ಬ ದಪ್ಪ ಮನುಷ್ಯ.

“ನೋಡು ಯಾರನ್ನ ಕರ್ಕೊಂಡು ಬಂದಿದೀನಿ!” ಎಂದ ಸರಾಂಡೋಸ್. “ನಿಮ್ಮೂರಿನ ಅಧ್ಯಕ್ಷರು, ಕಾನೆಲ್ಲೋಸ್ ಅವರು. ಮೆಲಿಸ್ಸೋವುನಿಯಿಂದ!”

ಅನೆಸ್ತಿಸ್ ಒದ್ದೆ ಕಾಲುಚೀಲ ಹಿಡಿದುಕೊಂಡೇ ಆ ಮೀಸೆಯನ್ನು ನೋಡಿದ. ಆ ಶೀಸೆಯ ಹಿಂದೆ ನಿಜವಾಗಿ ಒಂದು ಊರಿರಬಹುದು, ಅದಕ್ಕೊಬ್ಬ ಅಧ್ಯಕ್ಷನಿರಬಹುದು, ಅವನಿಗೆ ಇಷ್ಟು ದೊಡ್ಡ ಮೀಸೆಯಿರಬಹುದು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

“ಮೇಲಿನ ಮೆಲಿಸ್ಸೋವುನಿಯೋ, ಕೆಳಗಿನದೋ?” ಎಂದು ಅಧ್ಯಕ್ಷ ಗುಡುಗಿದ.

ಅನೆಸ್ತಿಸ್ ನಾಚಿಕೆಯಿಂದ ನೆಲ ನೋಡುತ್ತಿದ್ದ. “ಕೆಳಗಿನದು” ಎಂದ.

ಅಧ್ಯಕ್ಷ ಅವನನ್ನು ಎದೆಗೆ ಅವಚಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. “ನನಗ್ಗೊತ್ತಿತ್ತು! ಮೇಲಿನವರ ಮುಖದಲ್ಲಿ ಈ ಕಳೆ ಎಲ್ಲಿಂದ ಬರಬೇಕು? ಕೇಳಪ್ಪ, ಇನ್ನೂರು ತಲೆ ಆಗ್ದಿದ್ರೆ ನಮ್ಮೂರನ್ನ ಮೇಲಿನೂರಿಗೆ ಸೇರಿಸಿಬಿಡ್ತಾರಂತೆ. ಅವರ ಕೈಕೆಳಗೆ ಬಾಳೋದಕ್ಕಿಂತ ಎಲ್ಲರೂ ಒಟ್ಟಿಗೆ ಬಾವಿಗೆ ಬೀಳೋದು ವಾಸಿ. ಅದಿರಲಿ, ನೀನು ಯಾರ ಪೈಕಿ? ಯಾರ ಮಗ?”

ಗ್ರೀಸಿನ ಯಾವ ಹಳ್ಳಿಗೆ ಹೋದರೂ ಮೊದಲು ಕೇಳುವುದು ಇದನ್ನೇ. ನಿನ್ನ ಹೆಸರು ಆಮೇಲೆ. ಅನೆಸ್ತಿಸ್ ಬೆವರು ಒರೆಸಿಕೊಂಡು, ಆ ಕಡೆ ಹತ್ತರಲ್ಲಿ ನಾಲ್ಕು ಜನಕ್ಕಿರುವ ಹೆಸರನ್ನೇ ಹೇಳಿದ.

“ಪಣಾಗೋಸನ ಮಗ.”

ಅಧ್ಯಕ್ಷ ಕುರ್ಚಿಯ ಮೇಲೆ ಧೊಪ್ಪನೆ ಕೂತ. “ಇಪ್ಪತ್ತೊಂಬತ್ತರಲ್ಲಿ ಊರು ಬಿಟ್ಟೋದನಲ್ಲ, ಆ ಪಣಾಗೋಸನಾ? ಪಿರೇಯಸ್‌ಗೆ ಕೆಲಸಕ್ಕೆ ಅಂತ ಹೋಗಿ ಒಂದು ಕಾಗದಾನೂ ಹಾಕದೇ ಕೂತನಲ್ಲ, ಅವನಾ?”

“ಅವನೇ” ಎಂದ ಅನೆಸ್ತಿಸ್. ಬೇರೆ ದಾರಿಯಿರಲಿಲ್ಲ.

“ಅಂದ್ರೆ ಮದುವೆ ಮಾಡ್ಕೊಂಡ! ಮಗ ಬೇರೆ! ಅಲ್ಲಿ ಆ ಸ್ತಾಮಾತಾ, ಅವನಿಗೆ ನಿಶ್ಚಯ ಆದವಳು, ಐವತ್ತೆರಡು ವರ್ಷದಿಂದ...” ಅಧ್ಯಕ್ಷ ಮಾತು ನುಂಗಿಕೊಂಡ. “ಇರಲಿ ಬಿಡು. ಸತ್ತನಾ?”

“ಹೋಗಿ ಹತ್ತು ವರ್ಷ ಆಯ್ತು” ಎಂದ ಅನೆಸ್ತಿಸ್. ಅದು ಅವನ ಸ್ವಂತ ಅಪ್ಪನ ವಿಷಯದಲ್ಲಿ ನಿಜವೇ.

ಶನಿವಾರ ಮಧ್ಯಾಹ್ನ ಬಸ್ಸು ಹೊರಟಿತು. ಬಸ್ಸಿನೊಳಗೆ ಮೂವತ್ತೆಂಟು ಜನ, ಐದು ವಾದ್ಯ, ಒಂದು ಹೊಲಿಗೆ ಯಂತ್ರ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ತಿನ್ನಲು ಬರೀ ಆಲಿವ್ ಮತ್ತು ಎಳ್ಳಿನ ಹಲ್ವ. ಅನೆಸ್ತಿಸನ ಪಕ್ಕ ಒಬ್ಬ ಮುದಿ ಟ್ಯಾಕ್ಸಿ ಚಾಲಕ ಕೂತಿದ್ದ. ಕೊರಿಂಥ್ ಕಾಲುವೆ ದಾಟಿದ್ದೇ ತಡ, ಅವನು ಕಿಟಕಿ ತೆರೆದು ‘ಆಹಾ, ನಮ್ಮ ಗಾಳಿ!’ ಎಂದ. ಇಡೀ ಬಸ್ಸು ಮೂಗರಳಿಸಿತು. ಅನೆಸ್ತಿಸನೂ ಅರಳಿಸಿದ. ಅವನಿಗೆ ಡೀಸೆಲ್ ವಾಸನೆ ಬಿಟ್ಟು ಏನೂ ಬರಲಿಲ್ಲ. ಆದರೂ ಆಹಾ ಎಂದ.

ಸಂಜೆ ಊರು ಮುಟ್ಟಿದಾಗ ಚೌಕದಲ್ಲಿ ಅವನಿಗಾಗಿ ಜನ ಕಾದಿದ್ದರು. ಚಿನಾರ್ ಮರವಿತ್ತು. ಬುಗ್ಗೆಯೂ ಇತ್ತು. ಗಡ್ಡ ಒದ್ದೆಯಾಗಿದ್ದ ಪಾದ್ರಿಯೂ ಬಂದು ಆಶೀರ್ವಾದ ಮಾಡಿದಾಗ ಅನೆಸ್ತಿಸನಿಗೆ ಸ್ವಲ್ಪ ಭಯವೇ ಆಯಿತು.

ಹೆಂಗಸರು ಅವನನ್ನು ಸುತ್ತುವರಿದು ತಪಾಸಣೆ ಶುರುಮಾಡಿದರು.

“ಕಿವಿ ನೋಡೇ, ಥೇಟು ಪಣಾಗೋಸಂದೇ!”

“ಕಿವಿ ಅಲ್ವೇ, ಗದ್ದ. ಕಿವಿ ಅವರ ಅಜ್ಜಂದು.”

“ಹೆಸರು ಅನೆಸ್ತಿಸ್ ಅಂತೆ. ನಮ್ಮ ಕಡೆ ಈ ಹೆಸರೇ ಇಲ್ವಲ್ಲ?”

“ಅಮ್ಮನ ಕಡೆಯದು” ಎಂದ ಅನೆಸ್ತಿಸ್.

“ಪಾಪ, ಅಮ್ಮನ ಕಡೆಯವರು ಜೋರಿದ್ದಿರಬೇಕು.”

ಇಷ್ಟು ಹೊತ್ತಿಗೆ ಗುಂಪಿನ ಹಿಂದೆ ಒಬ್ಬನ ಮುಖ ಹುಳ್ಳಗಾಗಿತ್ತು. ಅವನು ಲಿಂಬೆರಿಸ್, ಪಣಾಗೋಸನ ಅಣ್ಣನ ಮಗ. ಪಣಾಗೋಸನ ಪಾಲಿಗೆ ಬಂದಿದ್ದ ನಲವತ್ತು ಆಲಿವ್ ಮರಗಳನ್ನು ಮೂವತ್ತು ವರ್ಷದಿಂದ ಅವನೇ ಬಡಿದು ಕಾಯಿ ಉದುರಿಸಿಕೊಳ್ಳುತ್ತಿದ್ದ. ಅವನಿಗೆ ಅನೆಸ್ತಿಸನ ಕಿವಿ, ಗದ್ದ ಯಾವುದೂ ಹಿಡಿಸಲಿಲ್ಲ.

“ರೀ ಅಧ್ಯಕ್ಷರೇ,” ಎಂದು ಲಿಂಬೆರಿಸ್ ಕೂಗಿದ, “ಲೆಕ್ಕಕ್ಕೆ ಒಂದು ತಲೆ ಕಡಿಮೆ ಬಿತ್ತು ಅಂತ ದಾರೀಲಿ ಹೋಗೋನ್ನ ಹಿಡ್ಕೊಂಡು ಬಂದು ನಮ್ಮ ಚಿಕ್ಕಪ್ಪನಿಗೆ ಕಟ್ತೀರಾ? ನಾಳೆ ಇವನು ಮರ ಕೇಳಿದ್ರೆ?”

“ನನಗೆ ಮರ ಬೇಡ” ಎಂದ ಅನೆಸ್ತಿಸ್.

ಮರ ಬೇಡ ಎನ್ನುವ ಮನುಷ್ಯನನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

“ನೋಡಿದ್ರಾ!” ಎಂದು ಲಿಂಬೆರಿಸ್ ಕುಣಿದಾಡಿದ. “ನಮ್ಮ ವಂಶದವನಾಗಿದ್ರೆ ಬೇಡ ಅಂತಿದ್ನಾ? ಮೋಸಗಾರ!”

“ಮರ ಬಿಟ್ಟುಕೊಟ್ಟ ಅಂದ್ರೆ ಪಣಾಗೋಸನ ಮಗನೇ. ಅವನೂ ಹೀಗೇ ಪೆದ್ದು!” ಎಂದು ಎದುರು ಪಕ್ಷದವರು ಕೂಗಿದರು.

ಐದು ನಿಮಿಷದಲ್ಲಿ ಊರು ಎರಡಾಯಿತು. ಕುರ್ಚಿಗಳು ಮೇಲೆದ್ದವು. ಪಾದ್ರಿ ತನ್ನ ಲೋಟವನ್ನು ಜಾಗರೂಕತೆಯಿಂದ ಪಕ್ಕಕ್ಕಿಟ್ಟುಕೊಂಡ. ಬೆಳಗ್ಗೆ ಗಣತಿಗೆ ಇನ್ನೂರು ತಲೆಯೂ ನೆಟ್ಟಗೆ ಉಳಿಯುವುದಿಲ್ಲ ಎಂದು ಹೆದರಿದ ಅಧ್ಯಕ್ಷ ಕೈಯೆತ್ತಿ ಕೂಗಿದ: “ಸ್ತಾಮಾತಾ ಅಜ್ಜಿ ಹೇಳಲಿ! ಪಣಾಗೋಸನ ಗುರುತು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

ಕಪ್ಪುಬಟ್ಟೆಯ ಸಣಕಲು ಮುದುಕಿ ಮರದ ಕೆಳಗಿನಿಂದ ಎದ್ದುಬಂದಳು. ಐವತ್ತೆರಡು ವರ್ಷ ಊರು ಅವಳ ಮುಂದೆ ಪಣಾಗೋಸನ ಹೆಸರೆತ್ತಿರಲಿಲ್ಲ. ಕೈಬಿಟ್ಟು ಹೋದವನ ಹೆಸರು ಹೇಗೆ ಎತ್ತುವುದು? ಅವಳು ಅನೆಸ್ತಿಸನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತುಂಬ ಹೊತ್ತು ನೋಡಿದಳು. ಅನೆಸ್ತಿಸನಿಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದರ ಜೊತೆಗೇ ಇವಳು ಹೌದು ಎನ್ನಲಿ, ದೇವರೇ, ಒಂದೇ ಒಂದು ಸಲ ಯಾರಾದರೂ ನನ್ನನ್ನು ನಮ್ಮವನು ಎನ್ನಲಿ ಎಂದೂ ಅನ್ನಿಸಿತು.

“ಪಣಾಗೋಸನ ಮಗನೇ,” ಎಂದಳು ಮುದುಕಿ. “ಲಿಂಬೆರಿಸ್, ನಿನ್ನ ಮರ ನಿನಗೇ ಇರಲಿ, ಬಾಯಿ ಮುಚ್ಕೋ. ಹುಡುಗ ನಮ್ಮನೇಲಿ ಮಲಗ್ತಾನೆ.”

ಮರ ಉಳಿದದ್ದೇ ತಡ, ಲಿಂಬೆರಿಸ್ ಓಡಿಬಂದು “ತಮ್ಮಾ!” ಎಂದು ಅನೆಸ್ತಿಸನ ಕೊರಳಿಗೆ ಜೋತುಬಿದ್ದು ಎಲ್ಲರಿಗಿಂತ ಜೋರಾಗಿ ಅತ್ತ.

ಬೆಳಗ್ಗೆ ಗಣತಿಯವರು ಬರುವ ತನಕ ಯಾರೂ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಸ್ತಾಮಾತಾ ಒಲೆಯ ಮೇಲೆ ಬೀನ್ಸ್ ಕಾಳಿನ ಸಾರಿಗಿಟ್ಟು, ಅನೆಸ್ತಿಸನ ಮುಂದೆ ಈರುಳ್ಳಿ ರಾಶಿ ಸುರಿದು ಚಾಕು ಕೊಟ್ಟಳು. ಅವನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಎರಡು ಈರುಳ್ಳಿ ಹೆಚ್ಚುವಷ್ಟರಲ್ಲಿ ಸುಳ್ಳನ್ನು ಇನ್ನೂ ಹೊತ್ತುಕೊಂಡಿರಲು ಅವನ ಕೈಲಿ ಆಗಲಿಲ್ಲ.

“ದೊಡ್ಡಮ್ಮ, ನಾನು ಪಣಾಗೋಸನ ಮಗ ಅಲ್ಲ.”

“ಗೊತ್ತು,” ಎಂದಳು ಸ್ತಾಮಾತಾ. “ಸಣ್ಣಗೆ ಹೆಚ್ಚು.”

“ನನಗೆ ಊರೇ ಇಲ್ಲ. ನಾನು ಅಥೆನ್ಸಿನವನು. ನಿಮ್ಮೂರಿನ ಹೆಸರನ್ನ ಜೇನಿನ ಶೀಸೆ ಮೇಲೆ ಓದಿದ್ದು.”

“ಅದು ಮೇಲಿನೂರಿನ ಜೇನು. ಸಕ್ಕರೆ ಪಾಕ ಬೆರೆಸ್ತಾರೆ. ನಮ್ಮದು ತಗೋಬೇಕಿತ್ತು.”

ಅನೆಸ್ತಿಸ್ ಚಾಕು ಕೆಳಗಿಟ್ಟ. “ನಿಮಗೆ ಹೇಗೆ ಗೊತ್ತಾಯ್ತು?”

ಮುದುಕಿ ಸಾರು ಕಲಕುತ್ತಲೇ ಹೇಳಿದಳು. “ಪಣಾಗೋಸ್ ಮೂವತ್ತೊಂದರಲ್ಲೇ ಸತ್ತ. ಜ್ವರ ಬಂದು. ಇಪ್ಪತ್ನಾಲ್ಕು ವರ್ಷ. ಬಂದರಿನಲ್ಲಿ ಜೊತೆಗೆ ಕೆಲಸ ಮಾಡ್ತಿದ್ದೋನು ನನಗೆ ಕಾಗದ ಬರೆದಿದ್ದ. ಓದಿ ಒಲೆಗೆ ಹಾಕಿದೆ.”

“ಯಾರಿಗೂ ಹೇಳಲಿಲ್ವಾ?”

“ಅವರಮ್ಮ ದಿನಾ ಟಪಾಲಿನವನ ಹೊತ್ತಿಗೆ ಚೌಕಕ್ಕೆ ಬಂದು ನಿಲ್ಲೋಳು. ಮಗ ಸತ್ತ ಅಂತ ಅಳೋದಕ್ಕಿಂತ ಮಗ ಕೊಬ್ಬಿದ ಅಂತ ಬೈಕೊಂಡಿರಲಿ ಅನ್ನಿಸ್ತು. ಹನ್ನೊಂದು ವರ್ಷ ಬೈಕೊಂಡು ಗಟ್ಟಿಯಾಗಿದ್ಲು. ಅವಳು ಹೋದ ಮೇಲೆ ಹೇಳೋಣ ಅಂದ್ರೆ ಹೊತ್ತು ಮೀರಿತ್ತು. ನನ್ನನ್ನ ಕೈಬಿಟ್ಟೋದ ಅಂತ ಊರೆಲ್ಲ ಕನಿಕರಪಟ್ಟಿತು. ಪಡಲಿ. ಊರಿನವರ ಲೆಕ್ಕದಲ್ಲಾದ್ರೂ ಅವನು ಎಲ್ಲೋ ಬದುಕಿದ್ದನಲ್ಲ.”

ಅನೆಸ್ತಿಸ್ ಅಂಗಿಯ ತೋಳಿನಿಂದ ಕಣ್ಣೊತ್ತಿಕೊಂಡ. ಈರುಳ್ಳಿಯ ದೆಸೆಯಿಂದ ಅಂತ ಹೇಳಲು ಅನುಕೂಲವಿತ್ತು, ಆದರೆ ಈರುಳ್ಳಿ ಹೆಚ್ಚುವುದನ್ನು ಅವನು ಎಷ್ಟೋ ಹೊತ್ತಿನ ಹಿಂದೆಯೇ ನಿಲ್ಲಿಸಿದ್ದ.

“ನಿನ್ನೆ ಊರೆಲ್ಲ ಪಣಾಗೋಸ್ ಪಣಾಗೋಸ್ ಅಂತಿತ್ತು,” ಎಂದಳು ಸ್ತಾಮಾತಾ. “ಐವತ್ತೆರಡು ವರ್ಷದ ಮೇಲೆ ಆ ಹೆಸರು ಕಿವಿಗೆ ಬಿತ್ತು. ಸಂಸಾರ ಮಾಡಿದ್ದ, ಮಗನಿದ್ದ, ಮಗ ನೀರಿನ ಮೀಟರ್ ಓದ್ತಾನೆ. ಕೆಟ್ಟ ಬಾಳೇನಲ್ಲ. ನಾನ್ಯಾಕೆ ಬೇಡ ಅನ್ನಲಿ?” ಸೌಟು ಕೆಳಗಿಟ್ಟು ಎದುರಿಗೆ ಬಂದು ಕೂತಳು. “ಈಗ ಹೇಳು. ವಯಸ್ಸಾದ ಮೇಲೆ ಹೇಗಿದ್ದ?”

ಅನೆಸ್ತಿಸ್ ಒಂದು ಊರನ್ನೇ ಕಟ್ಟಿದ ಮನುಷ್ಯ. ಆದರೆ ಅವತ್ತು ಅವನು ಏನನ್ನೂ ಕಟ್ಟಲಿಲ್ಲ. ತನ್ನ ಅಪ್ಪನ ವಿಷಯವನ್ನೇ ಹೇಳಿದ.

“ತಲೆ ಪೂರ್ತಿ ಬೋಳಾಗಿತ್ತು.”

“ಅಯ್ಯೋ, ಎಂಥ ಕೂದಲಿತ್ತು! ಆಮೇಲೆ?”

“ಊಟಕ್ಕೆ ಕೂತರೆ ರುಚಿ ನೋಡೋ ಮೊದಲೇ ಉಪ್ಪು ಸುರ್ಕೊಳ್ತಿದ್ದ. ಪಗಡೆ ಆಟದಲ್ಲಿ ಮೋಸ ಮಾಡ್ತಿದ್ದ, ಸಿಕ್ಕಿಬಿದ್ರೆ ನಗ್ತಿದ್ದ.”

“ಮಾಡಿರ್ತಾನೆ, ಮಾಡಿರ್ತಾನೆ,” ಎಂದು ಸ್ತಾಮಾತಾ ಹುಡುಗಿಯ ಹಾಗೆ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಊರು ನೆನೀತಿದ್ನಾ?”

“ದಿನಾ,” ಎಂದ ಅನೆಸ್ತಿಸ್. “ಸಂಜೆ ಬಾಲ್ಕನೀಲಿ ಕೂತು ‘ಊರಲ್ಲಿ ಈಗ ದೀಪ ಹಚ್ಚಿರ್ತಾರೆ’ ಅಂತಿದ್ದ. ದಿನಾ ಅದೇ ಮಾತು.”

ಮುದುಕಿ ಏಪ್ರನ್ನಿನ ತುದಿಯಿಂದ ಕಣ್ಣೊತ್ತಿಕೊಂಡಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಗಣತಿಯ ಟೀಚರಮ್ಮ ನಿಂತಿದ್ದಳು. ಬೆಳಗ್ಗೆಯಿಂದ ಅರವತ್ತು ಮನೆ ಮುಗಿಸಿ, ಪ್ರತಿ ಮನೆಯಲ್ಲೂ ಹಾಸಿಗೆಗಿಂತ ಜನ ಜಾಸ್ತಿ ಇರುವುದನ್ನು ಕಂಡು, ಅವಳಿಗೆ ತಲೆ ಚಿಟ್ಟುಹಿಡಿದಿತ್ತು.

“ಮನೆಯ ಯಜಮಾನರು?”

“ನಾನೇ. ಸ್ತಾಮಾತಾ.”

“ಇವರು?”

“ಅನೆಸ್ತಿಸ್.”

“ನಿಮಗೆ ಇವರು ಏನಾಗಬೇಕು?”

ಅನೆಸ್ತಿಸ್ ಎದ್ದು ನಿಂತ. ಸರ್ಕಾರದ ಕಾಗದದ ಮುಂದೆ ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. “ಅತಿಥಿ ಅಂತ ಬರೀರಿ ಮೇಡಂ.”

“ಅತಿಥಿ ಕೈಗೆ ಯಾರಾದ್ರೂ ಈರುಳ್ಳಿ ಚಾಕು ಕೊಡ್ತಾರೇನಮ್ಮ?” ಎಂದು ಸ್ತಾಮಾತಾ ಗದರಿದಳು. “ನಮ್ಮವನು ಅಂತ ಬರಿ.”

“ಹಾಗಂತ ಕಾಲಂ ಇಲ್ಲ ಅಜ್ಜಿ. ಮಗ, ತಮ್ಮ, ಅಳಿಯ, ಇತರೆ ಸಂಬಂಧಿ, ಇಷ್ಟೇ ಇರೋದು.”

“ಅವನ ಅಪ್ಪನನ್ನ ನಾನು ಮದುವೆ ಆಗಬೇಕಿತ್ತು. ಅದಕ್ಕೆ ಯಾವ ಕಾಲಂ ಇದೆಯೋ ಅದರಲ್ಲಿ ಹಾಕು.”

ಟೀಚರಮ್ಮ ಪೆನ್ನಿನ ಹಿಂಬದಿಯಿಂದ ತಲೆ ಕೆರೆದುಕೊಂಡಳು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಕೊನೆಗೆ ‘ಇತರೆ ಸಂಬಂಧಿ’ ಎಂದು ಬರೆದಳು. ಅನೆಸ್ತಿಸ್ ತಿದ್ದಲು ಬಾಯಿ ತೆರೆದ. ಸ್ತಾಮಾತಾ ಅವನ ಬಾಯಿಗೆ ಒಂದು ಚಮಚ ಸಾರು ಹಾಕಿ “ಉಪ್ಪು ನೋಡು” ಎಂದಳು. ಹೀಗೆ ಗ್ರೀಸಿನ ಮಹಾನಗರದಿಂದ ಒಂದು ತಲೆ ಅಧಿಕೃತವಾಗಿ ಕಳೆಯಿತು.

ಮಧ್ಯಾಹ್ನ ಅಧ್ಯಕ್ಷ ಚೌಕದಲ್ಲಿ ಇನ್ನೂರ ಹದಿನೇಳು ಎಂದು ಘೋಷಿಸಿ, ಮೇಲಿನೂರಿನ ದಿಕ್ಕಿಗೆ ಮಾಡಬಾರದ ಸನ್ನೆ ಮಾಡಿದ. ಲಿಂಬೆರಿಸ್ ಒಂದು ಡಬ್ಬ ಎಣ್ಣೆ ತಂದು ಬಸ್ಸಿಗೆ ಹಾಕಿಸಿದ. ಕಟ್ಟಕಡೆಗೆ ಸ್ತಾಮಾತಾ ಬಸ್ಸಿನ ಕಿಟಕಿಯ ಹತ್ತಿರ ಬಂದು ಅವನ ಅಂಗಿಯ ಗುಂಡಿ ಹಾಕಿದಳು.

“ಕಾಗದ ಬರಿ.”

“ಬರೀತೀನಿ ದೊಡ್ಡಮ್ಮ.”

“ನೀವೆಲ್ಲ ಹೀಗೇ ಹೇಳ್ತೀರ. ಸತ್ತರೂ ಯಾರ ಕೈಲಾದ್ರೂ ಬರೆಸು. ಈ ಸಲ ಊರಿಗೆಲ್ಲ ಓದಿ ಹೇಳ್ತೀನಿ.”

ಬಸ್ಸು ಹೊರಟಿತು. ಮರ ಮರೆಯಾಯಿತು, ಚರ್ಚಿನ ಗಂಟೆಗೋಪುರ ಮರೆಯಾಯಿತು, ಕಪ್ಪುಬಟ್ಟೆಯ ಒಂದು ಚುಕ್ಕೆ ಮಾತ್ರ ಬಹಳ ಹೊತ್ತು ಕಾಣಿಸುತ್ತಿತ್ತು. ಪಕ್ಕದ ಟ್ಯಾಕ್ಸಿ ಚಾಲಕ ತಿರುಗಿ ನೋಡಿದರೆ ಅನೆಸ್ತಿಸ್ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದ.

“ಏನಾಯ್ತೋ?”

“ಏನೋ ಗೊತ್ತಿಲ್ಲ ಅಣ್ಣ. ಇಲ್ಲಿ, ಎದೆ ಕೆಳಗೆ, ಹಿಡ್ಕೊಂಡು ಎಳೆದ ಹಾಗಾಗ್ತಿದೆ. ಡಾಕ್ಟರಿಗೆ ತೋರಿಸಬೇಕೇನೋ.”

“ಡಾಕ್ಟರು ಯಾಕೋ ಪೆದ್ದ,” ಎಂದ ಮುದುಕ, ಅವನ ಮಂಡಿ ತಟ್ಟಿ. “ಊರು ಬಿಟ್ಟು ಹೋಗೋವಾಗ ಎಲ್ಲರಿಗೂ ಹಾಗೇ. ಎರಡನೇ ತಿರುವು ದಾಟಿದ್ರೆ ಸರಿಹೋಗುತ್ತೆ.”

ಎರಡನೇ ತಿರುವು ಬಂತು, ಹೋಯಿತು. ಮೂರನೆಯದೂ ಹೋಯಿತು. ಕೊರಿಂಥ್ ಕಾಲುವೆ ದಾಟಿದರೂ ಸರಿಹೋಗಲಿಲ್ಲ. ಬಸ್ಸೆಲ್ಲ ಗೊರಕೆ ಹೊಡೆಯುತ್ತಿದ್ದಾಗ ಅನೆಸ್ತಿಸ್ ಒಬ್ಬನೇ ಎಚ್ಚರವಾಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಎಲ್ಲಿ ಸರಿಹೋಗಿಬಿಡುತ್ತದೋ ಎಂದು ಹೆದರಿಕೊಂಡು ಕೂತಿದ್ದ.